ಕಂಸ ಬೇಡ

ನೆಬಿಸಾ, ನಿಮ್ಮ ಹಸ್ತಪ್ರತಿ ಬಂದದ್ದು
ಬೀಡಿ ಬ್ರಾಂಚಿನ ಹಳೆಯ ಲೆಕ್ಕಪುಸ್ತಕದಲ್ಲಿ.
ಎಡಕ್ಕೆ ಎಲೆ ಇಷ್ಟು, ಹೊಗೆಸೊಪ್ಪು ಇಷ್ಟು, ಕಟ್ಟು ಇಷ್ಟು.
ಬಲಕ್ಕೆ ಕವಿತೆ.
ಬಂದರಿನ ನಮ್ಮ ಪ್ರೆಸ್ಸಿನಲ್ಲಿ ಪುಟ ಬಿಡಿಸಿದ್ದೇ
ಒಗ್ಗರಣೆಗೆ ಮೆಣಸು ಬಿದ್ದ ಹಾಗೆ ಎಲ್ಲರಿಗೂ ಸೀನು.
ಕರಡು ತಿದ್ದುವ ನಾನು, ಸೇಸಪ್ಪ,
ಕೆಂಪು ಪೆನ್ನಿನ ಮುಚ್ಚಳ ತೆಗೆದೆ.

ಉಮ್ಮ ಎಂದಿತ್ತು. ತಾಯಿ ಎಂದು ತಿದ್ದಿದೆ.
ಇಲ್ಲದಿದ್ದರೆ ಘಟ್ಟದ ಮೇಲಿನವರು
ಮುತ್ತು ಎಂದು ಓದಿಯಾರು.
ಓದಲಿ, ಎಂದಿರಿ ಫೋನಿನಲ್ಲಿ,
ನಷ್ಟ ಎಂತ?

ಹಾಗಾದರೆ ಪಕ್ಕದಲ್ಲೊಂದು ಕಂಸ ಹಾಕಿ
ಒಳಗೆ ಅರ್ಥ ಕೊಡುವ, ಎಂದೆ.
ಆ ಕಡೆ ಕತ್ತರಿಯ ಸದ್ದು ನಿಂತಿತು.
ಕಂಸನನ್ನು ನಾನು ಆಟದಲ್ಲಿ ನೋಡಿದ್ದೇನೆ ಮಾರಾಯ್ರೆ,
ತಂಗಿಯನ್ನು ಸೆರೆಯಲ್ಲಿಟ್ಟವನಲ್ಲವಾ?
ನನ್ನ ಮಾತಿಗೆ ಅವನ ಕಾವಲು ಬೇಡ.

ನಿಮ್ಮ ತಂಗಿ ಕುಂಜತ್ತೂರಿನಲ್ಲಿ.
ತಲಪಾಡಿಯ ನಿಮ್ಮ ಅಂಗಳದಿಂದ
ಕೂಗಿದರೆ ಕೇಳಿಸದ,
ನಡೆದರೆ ಬೆವರೂ ಬಾರದ ದೂರ.
ರಸ್ತೆಗೆ ಅಡ್ಡ ಮಣ್ಣು ಸುರಿದ ಆ ವರ್ಷ
ಅವಳಿಗೆ ಎಂಟು ತಿಂಗಳು.
ಜೆಸಿಬಿಯ ಹಲ್ಲಿಗೆ ಸಿಕ್ಕ ಮಣ್ಣು
ರಾತ್ರಿಯೆಲ್ಲ ಕೇಳುತ್ತಿತ್ತು ಎಂದು ಬರೆದಿರಿ,
ನಾನು ಯಾವ ಕಡೆಯದು,
ನಾನು ಯಾವ ಕಡೆಯದು ಎಂದು.
ಆ ಪುಟದಲ್ಲಿ ಒಂದು ಅಲ್ಪವಿರಾಮವನ್ನೂ ಮುಟ್ಟಲಿಲ್ಲ.
ಕೈ ಬರಲಿಲ್ಲ.

ಒಂದು ಪದಕ್ಕೆ ಮಾತ್ರ ಅರ್ಥ ಬೇಡವೆಂದು
ಜಗಳವಿಲ್ಲದೆ ಒಪ್ಪಿದೆವು. ಬೇಲಿ.
ನಿಮ್ಮ ಬ್ಯಾರಿಯಲ್ಲಿ ಬೇಲಿ, ನನ್ನ ತುಳುವಿನಲ್ಲಿ ಬೇಲಿ,
ಪುಸ್ತಕದ ಕನ್ನಡದಲ್ಲಿ ಬೇಲಿ,
ನಿಮ್ಮ ತಂಗಿಯ ಮಗುವಿನ ಅಂಗನವಾಡಿಯಲ್ಲಿ ವೇಲಿ.
ಅಲ್ಲಿ ತುಟಿ ಕೂಡುವುದಿಲ್ಲ, ಅಷ್ಟೆ.

ಆಚೆ ಓದಿದರೆ ನೀವು ಕನ್ನಡದವರು,
ಈಚೆ ಓದಿದರೆ, ಇದು ಮಲಯಾಳವಲ್ಲವಾ ಎಂದು
ಮುಂದಿನ ಸಾಲಿನಿಂದ ಪಿಸುಮಾತು.
ಟೋಲ್‌ಗೇಟಿನ ಹುಡುಗನೊಬ್ಬನೇ
ಲೋಕಲ್, ಲೋಕಲ್ ಎಂದು ನಿಮ್ಮ ರಿಕ್ಷಾ ಬಿಟ್ಟವನು.
ಗ್ರಂಥಾಲಯದ ಅರ್ಜಿಯಲ್ಲಿ ಭಾಷೆಗೆ ಒಂದೇ ಚೌಕ.
ತಲಪಾಡಿ ಎಂದು ತುಂಬಿಸಿ, ಎಂದಿರಿ.
ತುಂಬಿಸಿದೆ. ಅರ್ಜಿ ವಾಪಸು ಬಂತು.

ಕೊನೆಯ ಕವಿತೆಯನ್ನು ಕನ್ನಡಕ್ಕೆ ತರಲು
ನಾನೇ ಬಸ್ಸು ಹತ್ತಿ ಬಂದೆ.
ಕತ್ತಲಲ್ಲಿ ದೋಣಿಯಿಂದ ಇಳಿದು,
ಚಪ್ಪಲಿ ಕೈಯಲ್ಲಿ ಹಿಡಿದು, ಮರಳು ದಾಟಿ
ನಿಮ್ಮ ಅಡುಗೆಮನೆಯ ಬಾಗಿಲಿಗೆ ಒಂದು ಜೀವ.
ನಿಮ್ಮ ಕ್ರಿಯಾಪದಕ್ಕೆ ಬಾಲವಿಲ್ಲ.
ನನ್ನ ವ್ಯಾಕರಣ ಪೊಲೀಸಿನ ಹಾಗೆ ಕೇಳುತ್ತದೆ,
ಬಂದನೋ ಬಂದಳೋ?
ನೀವು ಎಲೆ ಸುರುಳಿದಿರಿ, ನೂಲು ಸುತ್ತಿದಿರಿ,
ಉಗುರಿನಿಂದ ಬಾಯಿ ಮಡಚಿದಿರಿ,
ಇಡೀ ಒಂದು ಕಟ್ಟು ಮುಗಿಸಿದಿರಿ.
ಆಮೇಲೆ,
ಬಂದದ್ದು ಎಂದು ಹಾಕಿ.
ಬಂದದ್ದು ಮುಖ್ಯ.

ಹಿಂದಿರುಗುವಾಗ ನೇತ್ರಾವತಿಯ ಸೇತುವೆಯ ಮೇಲೆ
ಕಿಟಕಿಯ ಗಾಳಿಗೆ ಕಣ್ಣು ಉರಿಯಿತು.
ಮೂವತ್ತೊಂದು ವರ್ಷ,
ಯಾರ್ಯಾರ ಮಾತಿಗೆ ಎಷ್ಟು ಬಾಲ ಅಂಟಿಸಿದೆನೋ.
ಮನೆಯಲ್ಲಿ ನಾನೂ ಕನ್ನಡ ಆಡುವುದಿಲ್ಲ.

ಅಚ್ಚಾದ ಪುಸ್ತಕದಲ್ಲಿ ಒಂದು ಅನಾಹುತ.
ಮೊದಲ ಕರಡಿನಲ್ಲಿ, ನಿಮ್ಮ ಉಮ್ಮನ ಪಕ್ಕ,
ಎಂಥದೋ ಯೋಚನೆಯಲ್ಲಿ ಅಂಚಿಗೆ ಗೀಚಿದ್ದೆ
ಅಪ್ಪೆ ಎಂದು.
ಅಕ್ಷರ ಜೋಡಿಸುವ ಹುಡುಗ
ಅದನ್ನೂ ಸಾಲಿನೊಳಗೆ ಸೇರಿಸಿಬಿಟ್ಟಿದ್ದಾನೆ.
ಮುನ್ನೂರು ಪ್ರತಿಯಲ್ಲೂ ಉಂಟು.
ಹೆದರುತ್ತ ಫೋನು ಮಾಡಿದೆ,
ತಪ್ಪೋಲೆ ಅಂಟಿಸಲಾ?
ಕತ್ತರಿ ನಿಲ್ಲಲಿಲ್ಲ ಈ ಸಲ.
ನಿಮ್ಮ ಅಪ್ಪೆ ತಪ್ಪಾ, ಎಂದಿರಿ,
ಮತ್ತೆ, ತಂಗಿಗೆ ಎರಡು ಪ್ರತಿ ಬೇಕು,
ಒಂದು ಅವಳ ಅತ್ತೆ ಒಲೆಗೆ ಹಾಕಿದರೆ
ಇನ್ನೊಂದು ಇರಲಿ.