ಎಡಗೈ ಹೊಲಿಗೆ

ಕರೆಂಟು ಹೋಗಿ ಗಂಟೆಯಾಯಿತು.
ಕೌಲ್ ಬಜಾರಿನ ಈ ಓಣಿಯಲ್ಲಿ
ಹನ್ನೊಂದು ಮಷೀನು ಒಟ್ಟಿಗೇ ಬಾಯಿ ಮುಚ್ಚಿ
ಮೂರನೇ ಮನೆಯ ಕುಕ್ಕರು ಕೂಗಿದ್ದೂ
ಲೆಕ್ಕಕ್ಕೆ ಸಿಗುತ್ತಿದೆ.
ಮೂಲೆಯಲ್ಲಿ ಜೀನ್ಸಿನ ಕಾಲುಗಳ ರಾಶಿ,
ಸೊಂಟ ಬರುವುದನ್ನೇ ಕಾಯುತ್ತ
ಅರವತ್ತು ಜನ ಮಲಗಿದ ಹಾಗೆ.

ಇವತ್ತಾದರೂ ಮುಗಿಸೋಣ ಅಂತ
ಸೈಕಲ್ಲನ್ನು ಗೋಡೆಗೆ ಒರಗಿಸಿದೆ.
ಹಳೇ ಸೀಟು ಮೂಗು ಮೇಲೆತ್ತಿಕೊಂಡಿತ್ತು,
ಎಲೆಅಡಿಕೆ ಮರೆತ ಮನೆಯಲ್ಲಿ ಬೀಗರು ಕೂತಂತೆ.
ರೆಕ್ಸಿನ್ ಸೀಳಿ ಎರಡು ಮಳೆಗಾಲ ಆಯಿತು.
ನೀರು ಕುಡಿಯುವುದು, ಬಿಸಿಲಲ್ಲಿ ಒಣಗಿದ ಹಾಗೆ ನಟಿಸುವುದು,
ಕೂತ ಮೇಲೆ ಕಕ್ಕುವುದು.
ಎಷ್ಟು ಪ್ಲಾಸ್ಟಿಕ್ ಚೀಲ ಕಟ್ಟಿದೆನೋ!
ಬ್ರೂಸ್‌ಪೇಟೆಯ ಸೀರೆ ಅಂಗಡಿಯ ಹೆಸರಿನ ಮೇಲೆ ಕೂತು
ಊರೆಲ್ಲ ತಿರುಗಿದ್ದೇನೆ.

ಹೊಸ ಸೀಟು ಕೊಡುವಾಗ ಹೊನ್ನೂರ್‌ವಲಿ
ಕೂಲಿ ಅರವತ್ತು ಅಂದ.
"ನಟ್ಟು ಹಿಡ್ಕಂಡೈತಕ್ಕಾ, ನಿನ್ ಕೈಲಿ ಆಗಲ್ಲ."
ಜೇಬಿಗೆ ಒಂದೂವರೆ ರೂಪಾಯಿ ನನಗೆ.
ಅರವತ್ತಕ್ಕೆ ನಲವತ್ತು ಜೇಬು ಹೊಲಿಯಬೇಕು,
ನಲವತ್ತರಲ್ಲಿ ಒಂದೂ ನನ್ನದಲ್ಲ.
ಸೀಟಷ್ಟೇ ಕೊಡು, ಅಂದೆ.

ಸುಂಕಮ್ಮತ್ತೆ ತಂದ ಪಾನ ಗಂಡನ ಲಾರಿಯದು.
ನನ್ನ ಮೊಳಕೈಯಷ್ಟು ದಪ್ಪ,
ನಟ್ಟು ಅದರ ಬಾಯೊಳಗೆ ಕಡಲೆಕಾಳು.
ಆಮೇಲೆ ಜಡೆಪ್ಪನ ಮಗ ಹದಿಮೂರು ನಂಬರಿನದು ತಂದ.
ಮಷೀನಿನ ಎಣ್ಣೆ ನಾಲ್ಕು ಹನಿ ಬಿಟ್ಟು
ಅಕ್ಕಿ ಆರಿಸಿ ಬಂದೆ.
"ಎಡಕ್ಕೆ ತಿರುವಬೇಕು" ಅಂದ ಹುಡುಗ.
"ಯಾರ ಎಡಕ್ಕೆ?" ಅಂದರು ಅತ್ತೆ.
ಅವನು ಈ ಕಡೆ ನಿಂತು ನೋಡಿದ,
ಆ ಕಡೆ ಹೋಗಿ ನೋಡಿದ,
ಹೇಳಲಿಲ್ಲ.

ಎರಡೂ ಕಡೆ ತಿರುವಿದೆ.
ಒಂದು ಕಡೆ ಬಂತು.
ಬರುವಾಗ ಒಂದು ಚಿಟಿಕೆ ಕೆಂಪು ಉದುರಿಸಿತು,
ತುಕ್ಕೋ, ಸಂಡೂರಿನ ಅದಿರಿನ ಧೂಳೋ.
ಗುಜರಿಯಲ್ಲಿ ಕೊಂಡ ಸೈಕಲ್ಲು,
ನನಗಿಂತ ಮೊದಲು ಯಾವ ದಾರಿ ಹಿಡಿದಿತ್ತೋ.

ಎಸೆಯುವ ಮುಂಚೆ ಸುಲಿದು ನೋಡಿದೆ,
ಸುಮ್ಮನೆ, ಕೈ ಕೇಳಲಿಲ್ಲ.
ಕಪ್ಪು ರೆಕ್ಸಿನ್ನಿನ ಕೆಳಗೆ ಕಂದು ರೆಕ್ಸಿನ್,
ಕಂದಿನ ಕೆಳಗೆ ಜೀನ್ಸ್.
ನಮ್ಮದೇ ಕಿತ್ತಳೆ ದಾರ,
ಕೈಹೊಲಿಗೆ.

ಏಳನೇ ಕ್ಲಾಸಿನ ತನಕ ಓದಿದವಳು ನಾನು,
ಅಕ್ಷರ ತಡವರಿಸುತ್ತೇನೆ,
ಹೊಲಿಗೆ ಓದುತ್ತೇನೆ.
ಟಾಕೆಗಳು ಹಿಂದುಮುಂದಾಗಿ ವಾಲಿದ್ದವು:
ಎಡಗೈಯವರು.
ಹಿಂಬದಿಯಲ್ಲಿ ಎಳ್ಳು ಸುರಿದಷ್ಟು ಸಣ್ಣ,
ಮೂಗಿನ ಹತ್ತಿರ ಬರುತ್ತ ಬರುತ್ತ
ಬೆರಳಗಲ, ಎರಡು ಬೆರಳಗಲ.
ಕತ್ತಲಾಗಿರಬೇಕು.
ಇಲ್ಲ, ದಾರ ಸಾಲದೆ ಹೋಗಿರಬೇಕು.
ಅಥವಾ ಯಾರೋ ಬಾಗಿಲಲ್ಲಿ ನಿಂತು
ಆತಾ, ಆತಾ ಅಂತ ಕೇಳಿರಬೇಕು.
ಆದರೂ ಕೊನೆಗೆ ಮೂರು ಗಂಟು.
ಹೆಂಗಸೋ ಗಂಡಸೋ,
ಹೊಲಿಗೆ ಅದನ್ನು ಹೇಳುವುದಿಲ್ಲ.

ಹೊಸದನ್ನು ಕೂರಿಸುವಾಗ
ಕಂಬಿಯನ್ನು ಮೂರು ಬೆರಳು ಇಳಿಸಿದೆ.
ಇಷ್ಟು ದಿನ ರೈಲ್ವೆ ಗೇಟಿನಲ್ಲಿ
ಗೂಡ್ಸು ಗಾಡಿಯ ಕೊನೇ ಡಬ್ಬಿ ಹೋಗುವ ತನಕ
ಹೆಬ್ಬೆರಳ ತುದಿಯಲ್ಲಿ ನಿಂತಿದ್ದೇನೆ,
ಯಾರದೋ ಉದ್ದಕ್ಕೆ.
ಈ ಅಳತೆ ತೆಗೆಯುವವಳಿಗೆ
ಅದೊಂದು ಹೊಳೆದಿರಲಿಲ್ಲ ನೋಡಿ.
ಸೀಟಿನ ಮೇಲೆ ಒಂದು ಗುಂಡಿ ಇಟ್ಟು ನೋಡಿದೆ,
ಜಾರಿತು.
ಸಡಿಲಿಸಿ, ತಟ್ಟಿ, ಬಿಗಿದು ಮತ್ತೆ ಇಟ್ಟೆ,
ನಿಂತಿತು.

ಗೇಟಿನ ತನಕ ಹೋಗಿ ಬಂದೆ.
ಎರಡೂ ಅಂಗಾಲು ಪೂರಾ ನೆಲಕ್ಕೆ;
ಡಾಂಬರು ಚಪ್ಪಲಿಯೊಳಗೂ ಸುಡುತ್ತಿತ್ತು.
ಸೀಟು ಗಟ್ಟಿ, ಹೊಸ ಸೊಸೆಯ ಮುಖದಂತೆ ಬಿಗಿ,
ಪಳಗಲು ತಿಂಗಳಾದರೂ ಬೇಕು.
ಬಂದು ನೋಡಿದರೆ ಕಟ್ಟೆಯ ಮೇಲೆ
ಒಂದು ವಾಷರ್ ಉಳಿದಿದೆ.
ಎಲ್ಲಿಯದು ಅಂತ ಹುಡುಗನೂ ಕೇಳಲಿಲ್ಲ,
ನಾನೂ ಬಿಚ್ಚಲಿಲ್ಲ.
ಗುಂಡಿ ಡಬ್ಬಿಗೆ ಹಾಕಿದೆ.

ಆ ಜೀನ್ಸ್ ತುಂಡನ್ನು ಒಗೆದು ಹಗ್ಗಕ್ಕೆ ಹಾಕಿದ್ದೇನೆ.
ಇನ್ನೂ ಕರೆಂಟಿಲ್ಲ.
ಸೂಜಿಗೆ ದಾರ ಪೋಣಿಸಿ
ಎಡಗೈಯಲ್ಲಿ ಹಿಡಿದು ನೋಡಿದೆ,
ಹೇಗಿರುತ್ತದೆ ಅಂತ.
ಮೊದಲನೇ ಟಾಕೆಯೇ ಬೆರಳಿಗೆ.
ಅಷ್ಟರಲ್ಲಿ
ಹನ್ನೊಂದು ಮಷೀನೂ ಒಟ್ಟಿಗೆ.