ನಾಲ್ಕು ಮಿಲಿಮೀಟರ್

ಹಳೇ ಬಂಪರ್ ಬಿಚ್ಚಿದರೆ ಒಳಗಿಂದ ಮರಳು ಸುರಿಯಿತು,
ಅಳೆದರೆ ಒಂದು ಸೇರು ಇದ್ದೀತು.
ಕೆಂಪು. ಬದಾಯರಿನದು, ಅಂದ ಜರ್‌ವಾಲಿ,
ಮಣ್ಣು ಮೂಸಿ ಊರು ಹೇಳುವವನ ಗತ್ತಿನಲ್ಲಿ.
ಶಾರ್ಜಾದಿಂದ ಮುಕ್ಕಾಲು ಗಂಟೆ ದಾರಿ.
ಅವನೂ ಹೋಗಿಲ್ಲ, ನಾನೂ.

ಹೊಸದು ಎಪ್ಪತ್ತು ಕಿಲೋ, ಕಪ್ಪು ಉಕ್ಕು.
ಜಾಕಿನ ಮೇಲೊಂದು ಹಲಗೆ, ಹಲಗೆಯ ಮೇಲೆ ಕಂಬಳಿ,
ಅದರ ಮೇಲೆ ಇದು,
ಹೆಣ್ಣು ನೋಡಲು ಬಂದ ಬೀಗರ ಬಿಗುಮಾನದಲ್ಲಿ.
ಎಡದ ಮೂರು ಬೋಲ್ಟು ಸಲೀಸು.
ಬಲದ ತೂತು ನಾಲ್ಕು ಮಿಲಿಮೀಟರ್ ಆಚೆ.

ಕಾಗದದಲ್ಲಿ ಬರೆದಿದೆ: ಕೊರೆಯುವ ಅಗತ್ಯವಿಲ್ಲ.
ಬರೆದವನಿಗೇನು ಗೊತ್ತು,
ಈ ಗಾಡಿಗೆ ಎಂದೋ ಯಾರೋ ಹಿಂದಿನಿಂದ ಗುದ್ದಿದ್ದು?
ಚಾಸಿಗೆ ಗೊತ್ತು.

ದುಂಡು ಅರ ಹಿಡಿದು ಅಡಿಗೆ ತೂರಿದೆ.
ಸನಾಯದ ಮಧ್ಯಾಹ್ನ, ತಗಡಿನ ಮಾಡು,
ಬೆವರು ಕಣ್ಣಿಗೆ. ಉಕ್ಕಿನ ಪುಡಿ
ಆ ಕೆಂಪು ಮರಳಿಗೆ ಬಿದ್ದು
ಆರಿಸಲಾಗದಂತೆ ಬೆರೆಯಿತು.
ಜರ್‌ವಾಲಿ ಮೊಣಕಾಲಲ್ಲಿ ಭಾರ ತಡೆದು
ಬಸ್, ಉಸ್ತಾದ್? ಅಂದ.
ಇನ್ನೊಂದು ಕೂದಲೆಳೆ, ಅಂದೆ.
ಕೂತಿತು, ಗೊಣಗುತ್ತಾ.

ಸಂಜೆ ಬಂದ ಖಲ್ಫಾನ್
ಒಮ್ಮೆ ಒದ್ದು ನೋಡಿದ, ನಕ್ಕ.
ಕೊಕ್ಕೆ ತೋರಿಸಿ ಕೇಳಿದ: ಹೂತುಹೋದರೆ ಎಳೆದೀತೇ?
ಎಳೆಯುತ್ತದೆ, ಅಂದೆ.
ಹನ್ನೊಂದು ವರ್ಷದಿಂದ ಹಾಗೇ ಹೇಳುತ್ತಿದ್ದೇನೆ,
ಯಾರೂ ವಾಪಸ್ಸು ಬಂದು ಬೈದಿಲ್ಲ.

ನಂಬರ್ ಪ್ಲೇಟಿನ ದೀಪಕ್ಕೆ ಮಾತ್ರ
ಜಾಗವನ್ನೇ ಬಿಟ್ಟಿಲ್ಲ ಮಾಡಿದ ಪುಣ್ಯಾತ್ಮರು.
ಅದು ನಾಳೆ, ಅಂದೆ. ಒಪ್ಪಿದ.

ಜರ್‌ವಾಲಿ ಮರಳು ಗುಡಿಸಿ
ಖಾಲಿ ಪೇಂಟಿನ ಡಬ್ಬಕ್ಕೆ ತುಂಬಿದ,
ಎಣ್ಣೆ ಚೆಲ್ಲಿದಲ್ಲಿ ಹಾಕಲು ಬೇಕಲ್ಲ.