ಎರಡನೆಯ ಸಾಲು

ಲೈಸೆನ್ಸ್ ಪುಸ್ತಕದಲ್ಲಿ ಎರಡು ಸಾಲು.
ಮೊದಲನೆಯದರಲ್ಲಿ ನನ್ನ ಪಾಯಿಂಟ್ ಟೂ-ಟೂ,
ಹನ್ನೊಂದು ವರ್ಷದ ಜೊತೆ,
ಯಾವನೋ ಗುಮಾಸ್ತ ಓರೆಯಾಗಿ ಬರೆದ ನಂಬರು.
ಎರಡನೆಯದು ಖಾಲಿ.
(ಗಾಳಿಯ ಪಿಸ್ತೂಲಿಗೆ ಸಾಲು ಬೇಡ,
ಅದು ಕಪಾಟಿನಲ್ಲಿ ಸೀರೆಗಳ ನಡುವೆ ಮಲಗಿದೆ.)

ಖಾಲಿ ಸಾಲೆಂದರೆ ಹಲ್ಲು ಉದುರಿದ ಜಾಗ,
ನಾಲಗೆ ಅಲ್ಲಿಗೇ ಹೋಗುತ್ತದೆ.

ನನಗೆ ಗೊತ್ತಿಲ್ಲದ್ದಲ್ಲ. ಕಂಕನಾಡಿಯ ಮಹಡಿಯೊಂದರಲ್ಲಿ
ಇಪ್ಪತ್ತಾರು ವರ್ಷದಿಂದ ಹಲ್ಲುಸೆಟ್ಟು ಮಾಡುತ್ತೇನೆ:
ಬೆಂದೂರಿನ ಟೀಚರಮ್ಮನಿಗೆ, ಬಂದರಿನ ಮೆಣಸಿನ ಸಾಹುಕಾರನಿಗೆ,
ನಗುವಾಗ ಕೈ ಅಡ್ಡ ಹಿಡಿಯುವ ಮದುಮಗನ ತಾಯಿಗೆ.
ಮೇಣ ಕೆತ್ತುವಾಗ ಉಸಿರು ಅರ್ಧ ಬಿಟ್ಟು ನಿಲ್ಲಿಸುತ್ತೇನೆ.
ರೇಂಜಿನಲ್ಲೂ ಅಷ್ಟೇ. ಕೈ ಒಂದೇ, ಚಟ ಒಂದೇ.

ಶಮಿತ್ ಹೇಳುತ್ತಾನೆ: ಇಟಲಿಯದ್ದೇ ತಗೊಳ್ಳಿ ಅಕ್ಕ,
ಪಾಯಿಂಟ್ ತ್ರೀ-ಟೂ, ಐದು ಗುಂಡು, ಭಾರವೆಲ್ಲ ಮುಂದಕ್ಕೆ,
ಹಾರಿದ ಮೂತಿ ಹಾರಿದಲ್ಲಿಗೇ ಬಂದು ಕೂರುತ್ತದೆ.
ಹಿಡಿ?
ಎಸ್, ಎಮ್, ಎಲ್. ಬನಿಯನ್ನಿನ ಹಾಗೆ.
ಕ್ರಯ ಬನಿಯನ್ನಿನ ಹಾಗೆ ಅಲ್ಲ.

ಇನ್ನೊಂದು ಉಂಟು.
ಹಂಪನಕಟ್ಟೆಯ ಹಳೆ ಕಟ್ಟಡ, ಹದಿನೇಳು ಮೆಟ್ಟಿಲು,
ಮೊಯ್ದಿನಬ್ಬರ ಅಂಗಡಿಯ ತಿಜೋರಿಯಲ್ಲಿ.
ರೆಬೆಲ್ಲೊ ಮಾಸ್ಟ್ರು ತೀರಿಹೋದ ಮೇಲೆ
ಅವರ ಹೆಂಡತಿ, ಆಟೋದವನಿಗೆ ಗುಮಾನಿ ಬಾರದ ಹಾಗೆ,
ಕೇಕಿನ ಪೆಟ್ಟಿಗೆಯಲ್ಲಿಟ್ಟು ತಂದೊಪ್ಪಿಸಿದ್ದು.
ಒಂಟಿ ಗುಂಡಿನ ಫ್ರೀ ಪಿಸ್ತೂಲು, ಕೊಕ್ಕರೆ ಕತ್ತಿನ ನಳಿಗೆ.
ಅದರ ಕುದುರೆ ಎಷ್ಟು ಹಗುರವೆಂದರೆ
ಬೆರಳಿಗೆ ಮುಂಚೆ ಯೋಚನೆ ತಾಗಿದರೂ ಓಡುತ್ತದೆ.

ಐವತ್ತು ಮೀಟರಿನ ಆ ಸ್ಪರ್ಧೆಯನ್ನು
ಒಲಿಂಪಿಕ್ಸಿನಿಂದ ತೆಗೆದೇಹಾಕಿದರಲ್ಲ, ಎಂತಕ್ಕೆ ಅದು, ಎಂದ ಶಮಿತ್.
ಇದ್ದಾಗಲೂ ಅಲ್ಲಿ ಹೆಂಗಸರಿಗೆ ಇರಲಿಲ್ಲ, ಎಂದೆ.
ಮಾಸ್ಟ್ರು ಗುಂಡು ಬಿಡುವಾಗ ದುರ್ಬೀನಿಗೆ ಕಣ್ಣಿಟ್ಟು
ಎಂಟು, ಒಂಬತ್ತು, ಹತ್ತು ಎಂದು ಎಣಿಸಿದವಳು ನಾನು.
ಒಮ್ಮೆ ಹಿಡಿದು ನೋಡು ಎನ್ನಲಿಲ್ಲ ಪುಣ್ಯಾತ್ಮ.
ನಾನೂ ಕೇಳಲಿಲ್ಲ.

ಮೊಯ್ದಿನಬ್ಬ ಎಣ್ಣೆಬಟ್ಟೆ ಬಿಚ್ಚಿದರು. ಉಪ್ಪುಗಾಳಿಯ ಊರು,
ನಳಿಗೆಯ ಬುಡದಲ್ಲಿ ಸಾಸಿವೆಯಷ್ಟು ತುಕ್ಕು.
ಅಕ್ರೋಟು ಮರದ ಹಿಡಿ, ಕೈಯನ್ನು ಸುತ್ತ ಮುಚ್ಚುವಂಥದ್ದು,
ಮಾಸ್ಟ್ರು ತಾವೇ ಅರದಲ್ಲಿ ಉಜ್ಜಿ ಉಜ್ಜಿ ಮಾಡಿಕೊಂಡದ್ದು.
ಕೈ ತೂರಿಸಿದೆ.
ಕಿರುಬೆರಳಿಗೆ ಜಾಗ ಇಲ್ಲ.
ಮಂಜುಗಡ್ಡೆ ಕಾರ್ಖಾನೆಯ ಬೆಲ್ಟು ತಿಂದ ಬೆರಳು ಅದು,
ಇಪ್ಪತ್ತು ವರ್ಷ ಪಕ್ಕದಲ್ಲೇ ನಿಂತು
ಮರೆತೇಬಿಟ್ಟಿದ್ದೆ.

ಒಬ್ಬರ ಸೆಟ್ಟು ಇನ್ನೊಬ್ಬರ ಬಾಯಿಗೆ ಕೂರುವುದಿಲ್ಲ.
ಸತ್ತವರದ್ದನ್ನು ಕರವಸ್ತ್ರದಲ್ಲಿ ಕಟ್ಟಿ ತರುತ್ತಾರೆ ಕೆಲವರು,
ಅಮ್ಮನದ್ದು, ಸ್ವಲ್ಪ ಉಜ್ಜಿ ನನಗೆ ಮಾಡಿಕೊಡಿ ಎಂದು.
ಆಗುವುದಿಲ್ಲ ಮಾರಾಯ್ರೆ, ಎಂದು ಹೇಳಿ ಹೇಳಿ
ನನಗದು ಬಾಯಿಪಾಠ.

ಅರ್ಜಿಯಲ್ಲಿ 'ಉದ್ದೇಶ' ಎಂಬಲ್ಲಿ
'ಗುರಿ' ಎಂದು ಬರೆದರೆ ಸಾಲದಂತೆ.
ಆತ್ಮರಕ್ಷಣೆಯೋ, ಬೆಳೆರಕ್ಷಣೆಯೋ, ಕ್ರೀಡೆಯೋ?
ಕ್ರೀಡೆಯಾದರೆ ಯಾವ ಸ್ಪರ್ಧೆ? ಸರ್ಟಿಫಿಕೇಟು ಎಲ್ಲಿ?
ಇಟಲಿಯದ್ದಕ್ಕೆ ಎಲ್ಲ ಉತ್ತರ ಉಂಟು.
ಮಾಸ್ಟ್ರದ್ದಕ್ಕೆ ನಾನು ಬಾಯಿ ತೆರೆದು ಮುಚ್ಚಿದೆ.
ಚುನಾವಣೆ ಬಂದರೆ ಯಾವುದಾದರೂ ಒಂದೇ,
ಠಾಣೆಗೆ ಒಪ್ಪಿಸಿ, ಚೀಟಿ ಹಿಡಿದು
ಬರಿಗೈಯಲ್ಲಿ ಬಸ್ಸು ಹತ್ತುವುದು.

ರಾತ್ರಿ ಲ್ಯಾಬಿನಲ್ಲಿ ಒಬ್ಬಳೇ.
ಕೆಳಗೆ ಕೊನೆಯ ಬಸ್ಸಿನವನು ತೊಕ್ಕೊಟ್ಟು, ತೊಕ್ಕೊಟ್ಟು ಎಂದು ಕೂಗಿ ಹೋದ.
ಅಚ್ಚು ತೆಗೆಯುವ ಗುಲಾಬಿ ಹಿಟ್ಟನ್ನು ನೀರಿಗೆ ಕಲಸಿದೆ,
ಕೋಣೆಯೆಲ್ಲ ಪುದೀನ.
ಬಟ್ಟಲಿಗೆ ಬಲಗೈ ಇಳಿಸಿ
ಇಲ್ಲದ ಹಿಡಿಯೊಂದನ್ನು ಹಿಡಿದ ಹಾಗೆ
ಬೆರಳು ಮಡಚಿದೆ, ಕಿರುಬೆರಳನ್ನೂ.
ಗಟ್ಟಿಯಾಗುವ ತನಕ ಅಲುಗಬಾರದು,
ಎಲ್ಲರಿಗೂ ನಾನೇ ಹೇಳುವ ಮಾತು.

ಮೇಜಿನ ಮೇಲೆ ಫೋನು ನಡುಗಿತು.
ಶಮಿತ್. ಇಟಲಿಯದ್ದಕ್ಕೆ ಮುಂಗಡ ಕೊಡಲು ಇವತ್ತೇ ಕಡೆ.
ಎಡಗೈ ಖಾಲಿ ಇತ್ತು, ಎತ್ತಬಹುದಿತ್ತು.

ಉಸಿರು ಅರ್ಧ ಬಿಟ್ಟು
ನಿಲ್ಲಿಸಿದೆ.